ತಣ್ಣಗಿದ್ದ ಗಾಡಿ

ನಮ್ಮ ಕಡೆ ಹಿರಿಯರ ಕಾಲಿಗೆ ಬಿದ್ದರೆ "ತಣ್ಣಗಿರವಾ" ಎಂದು ಹರಸುತ್ತಾರೆ. ಬೇಸಿಗೆಯಲ್ಲಿ ಕಲ್ಲಿನ ಮೇಲೆ ಬರಿಗಾಲಿಡಲಾಗದ ಈ ಜತ್ತ ತಾಲೂಕಿನಲ್ಲಿ ಅದಕ್ಕಿಂತ ದೊಡ್ಡ ಹರಕೆ ಇನ್ನೇನಿದ್ದೀತು? ಉಂಡವರ ಹೊಟ್ಟೆ ತಣ್ಣಗಾಗುತ್ತದೆ, ಜಗಳ ಮುಗಿದ ಮನೆ ತಣ್ಣಗಾಗುತ್ತದೆ. ಮೂರು ವರ್ಷದ ಹಿಂದೆ ಬಾಲಗಾಂವದ ಒಬ್ಬ ರೈತರಿಂದ ನಾವು ಹಳೆಯದೊಂದು ಪಿಕಪ್ ಗಾಡಿ ಕೊಂಡು ತಂದಾಗ ನಮ್ಮ ಅತ್ತೆ ಅದರ ಮುಂದೆ ನಿಂತು, ಕುಂಕುಮ ಹಚ್ಚಿ, ಗಾಲಿಯ ಕೆಳಗೆ ಲಿಂಬೆಹಣ್ಣಿಟ್ಟು, "ತಣ್ಣಗ ಹೋಗು, ತಣ್ಣಗ ಬಾ" ಎಂದು ಮೊಮ್ಮಗನಿಗೆ ಹೇಳುವಂತೆ ಗಾಡಿಗೆ ಹೇಳಿದ್ದರು. ಗಾಡಿ ಚಾಚೂ ತಪ್ಪದೆ ಹಾಗೇ ನಡೆದುಕೊಂಡಿತು. ಅದೊಂದು ಕಾಯಿಲೆ ಎಂದು ಯಾರಿಗೆ ಹೊಳೆಯಬೇಕು?

ನಾವು ಗಂಡ ಹೆಂಡತಿ ಸಂತೆ ಮಾಡಿ ಬದುಕುವವರು. ನಮ್ಮೂರು ಮುಚ್ಚಂಡಿಯಿಂದ ಬೆಳಕು ಹರಿಯುವ ಹೊತ್ತಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹಣ್ಣಿನ ಚೀಲ ಹೇರಿಕೊಂಡು ಹೊರಡುತ್ತಿದ್ದೆವು. ಒಂದು ದಿನ ಸೊರಡಿಯ ಕಡೆ, ಒಂದು ದಿನ ಬಾಲಗಾಂವ, ಇನ್ನೊಂದು ದಿನ ಜತ್ತ. ಗಾಡಿ ನಡೆಸುವವರು ನಮ್ಮವರು. ನಾನು ಪಕ್ಕದ ಸೀಟಿನಲ್ಲಿ ಕೌದಿ ಹೊದ್ದು, ಕಾಲು ಮಡಚಿಕೊಂಡು ಕೂರುತ್ತಿದ್ದೆ. ಹೇಳಬಾರದು, ಆದರೂ ಹೇಳುತ್ತೇನೆ: ನನ್ನ ಸಂಸಾರದ ಸುಖವೆಲ್ಲ ಆ ಗಾಡಿಯೊಳಗೇ ಆದದ್ದು. ಮನೆಯಲ್ಲಿ ಅತ್ತೆ, ಮಗ, ಸೊಸೆ, ಮೇಲೆ ಮಗನ ಹಿಟ್ಟಿನ ಗಿರಣಿಯ ಗದ್ದಲ. ನಮ್ಮಿಬ್ಬರಿಗೆ ಕೂತು ಮಾತಾಡುವ ಒಂದು ಮೂಲೆಯೂ ಇರಲಿಲ್ಲ. ಮದುವೆಯಾಗಿ ಮೂವತ್ತು ವರ್ಷದ ಮೇಲೆ ನನಗೆ ಗಂಡ ಸಿಕ್ಕಿದ್ದು ಆ ಎರಡು ಸೀಟಿನ ನಡುವೆ.

ಚಳಿಗಾಲದ ಆ ಹೊತ್ತು ನೆನೆದರೆ ಈಗಲೂ ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ. ಮಂಜು ಬಿಳಿಜೋಳದ ತೆನೆಯಷ್ಟೇ ಎತ್ತರಕ್ಕೆ ನಿಂತಿರುತ್ತಿತ್ತು, ಅದರ ಮೇಲೆ ಆಕಾಶ ತೊಳೆದಿಟ್ಟಂತೆ ಸ್ವಚ್ಛ. ದೂರದ ಗುಡ್ಡದ ಕರೆಂಟಿನ ಗಾಳಿಪಂಖಗಳಿಗೆ ಬುಡವೇ ಕಾಣುತ್ತಿರಲಿಲ್ಲ. ಬರೀ ರೆಕ್ಕೆಗಳು, ಯಾರೋ ಮರೆತು ಬಿಟ್ಟುಹೋದ ಹಾಗೆ, ತಮ್ಮಷ್ಟಕ್ಕೆ ತಾವು ನಿಧಾನ ತಿರುಗುತ್ತಿದ್ದವು. ಅವನ್ನು ಎಣಿಸಲು ಹೋಗಿ ನಾಲ್ಕಕ್ಕೋ ಐದಕ್ಕೋ ನಾನು ನಿದ್ದೆಗೆ ಜಾರುತ್ತಿದ್ದೆ. ಎಚ್ಚರವಾದಾಗ ಗಾಡಿ ನಿಂತಿರುತ್ತಿತ್ತು, ಮುಂದೆ ಕುರಿಹಿಂಡು ದಾಟುತ್ತಿರುತ್ತಿತ್ತು. ಕುರಿಗಳ ಬಾಯಿಂದ ಬಿಳಿ ಉಸಿರು. ಅದು ಕನಸಿನ ಕುರಿಯೋ ಸೊರಡಿ ದಾರಿಯ ಕುರಿಯೋ ನನಗೆ ತಿಳಿಯುತ್ತಿರಲಿಲ್ಲ, ತಿಳಿಯುವ ಅವಸರವೂ ಇರಲಿಲ್ಲ.

"ಏ, ಎದ್ದೀಯೇನ?" ಎನ್ನುತ್ತಿದ್ದರು ನಮ್ಮವರು.

"ಇಲ್ರಿ, ಮಲಗೀನಿ."

"ಹಂಗಾದ್ರ ಕೇಳು."

ಮಲಗಿದವಳಿಗೆ ಹೇಳುವ ಮಾತುಗಳೇ ಬೇರೆ. ತಮ್ಮ ಅವ್ವನ ಮೇಲಿನ ಸಿಟ್ಟು, ಚಿಕ್ಕಂದಿನಲ್ಲಿ ಬಾವಿಗೆ ಬಿದ್ದದ್ದು, ಮದುವೆಯಲ್ಲಿ ನನ್ನ ಮುಖವನ್ನು ಕದ್ದು ನೋಡಿದ್ದು, ನೋಡಿ "ಪಾಡ ಅದಾಳ" ಎಂದುಕೊಂಡದ್ದು. ನಾನು ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳುತ್ತಿದ್ದೆ. ಪಾಡ ಅಂದರೆ ಏನರ್ಥ, ಪರವಾಗಿಲ್ಲ ಅಂತಲೇ, ಚಲೋ ಅನ್ನಲು ಬಾಯಿಗೆ ಬರಲಿಲ್ಲವೇ ಎಂದು ಕಣ್ಣು ಬಿಟ್ಟು ಜಗಳ ತೆಗೆದರೆ ಅವರ ನಗುವೇ ನಗು.

ಆ ಸುಖದೊಳಗೆ ಒಂದೇ ತ್ರಾಸೆಂದರೆ ನನ್ನ ಮೊಣಕಾಲು. ಗಾಡಿಯಲ್ಲಿ ಹೀಟರ್ ಇತ್ತು. ಗುಂಡಿ ತಿರುಗಿಸಿದರೆ ಬುರ್ ಎಂದು ಗಾಳಿ ಬರುತ್ತಿತ್ತು, ಬಾವಿಯ ತಳದಿಂದ ಬಂದಂಥ ತಣ್ಣನೆ ಗಾಳಿ. ಮುಂದಿನ ಫಲಕದ ಮೇಲೆ ಇಂಜಿನ್ನಿನ ಶಾಖ ತೋರಿಸುವ ಸಣ್ಣ ಮುಳ್ಳೊಂದಿತ್ತಲ್ಲ, ಅದು ತಳದ ಗೀಟಿಗೆ ತಲೆಯಿಟ್ಟು ಮಲಗಿಬಿಟ್ಟಿತ್ತು. ಬಾಲಗಾಂವ ಮುಟ್ಟಿದರೂ ಏಳುತ್ತಿರಲಿಲ್ಲ. ಬೆಳಗ್ಗೆ ಚಾಲೂ ಮಾಡಿದರೆ ಬಿಳಿ ಹೊಗೆ, ಡಿಸೇಲಿನ ಘಾಟು. ಡಿಸೇಲನ್ನೂ ಇಂಥ ಬೇರೆ ಗಾಡಿಗಳಿಗಿಂತ ಜಾಸ್ತಿ ಕುಡಿಯುತ್ತಿತ್ತು.

ಸಂತೆ ಮುಟ್ಟಿ ಇಳಿದ ಕೂಡಲೇ ಗಾಡಿಯ ಬಾನೆಟ್ ಎತ್ತಿ ಇಂಜಿನ್ನಿನ ಮೇಲೆ ಬಲಗೈ ಇಡುವುದು ನಮ್ಮವರ ರೂಢಿ. ಲಾರಿ ನಡೆಸುತ್ತಿದ್ದ ಕಾಲದಿಂದಲೂ ಹಾಗೇ. ಎತ್ತಿನ ಬೆನ್ನು ಸವರುವಂತೆ ಒಮ್ಮೆ ಸವರಿಯೇ ಮುಂದಿನ ಕೆಲಸ. ಎರಡನೆಯ ಚಳಿಗಾಲದಲ್ಲಿ ಅವರು ದಿನಾ ಒಂದೇ ಮಾತು ಹಿಡಿದರು.

"ಗಾಡಿ ಮೈ ಥಂಡ ಐತಿ. ಇದು ಚಲೋ ಅಲ್ಲ."

"ಥಂಡ ಇದ್ರ ನಿಮಗೇನ್ ತ್ರಾಸ? ಕಾದು ನಡುದಾರ್ಯಾಗ ನಿಂತ್ರ ಚಲೋನ?" ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ನನ್ನ ಬಾಯಿ ಜೋರಿನದು, ಊರಿಗೆಲ್ಲ ಗೊತ್ತು. ಮಗ ಕೇಳಿ ನಕ್ಕುಬಿಟ್ಟ. ಮುಳ್ಳು ಕೆಟ್ಟಿದೆ, ಅಷ್ಟೇ ಎಂದ.

ಆಗಲೇ ಆ ಚಪ್ಪಲಿಯ ಪ್ರಸಂಗ ನಡೆದದ್ದು. ನಮ್ಮವರಿಗೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಗುಳಿಗೆ ನುಂಗುತ್ತಾರೆ, ಕದ್ದು ಬೆಲ್ಲವನ್ನೂ ತಿನ್ನುತ್ತಾರೆ. ಒಂದು ದಿನ ಸೊರಡಿಯ ಸಂತೆಯಲ್ಲಿ ಚಹಾ ಕುಡಿದು ಬರುತ್ತೇನೆಂದು ಹೋದವರು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಬಂದರು. ಇನ್ನೊಂದು ಎಲ್ಲೋ ಕಳಚಿ ಬಿದ್ದಿತ್ತು. ಹಿಮ್ಮಡಿಗೆ ಜಾಲಿಯ ಮುಳ್ಳು ಮುರಿದು ರಕ್ತ ಸೋರುತ್ತಿತ್ತು. ಅವರಿಗೆ ಎರಡೂ ಗೊತ್ತಿರಲಿಲ್ಲ. "ಅಯ್ಯ ನನ್ನ ಕರ್ಮಽ, ಕಾಲ ನೋಡ್ಕೋರಿ!" ಎಂದು ನಾನು ಸಂತೆಗೆಲ್ಲ ಕೇಳುವಂತೆ ಕೂಗಿದೆ. ಕೂಗಿದ್ದು ಸಿಟ್ಟಿಗಲ್ಲ, ಹೆದರಿಕೆಗೆ.

ಸಂಜೆ ಮನೆಯಲ್ಲಿ ಕಾಲಿಗೆ ಪಟ್ಟಿ ಕಟ್ಟುವಾಗ ಮಗ ಗಿರಣಿ ನಿಲ್ಲಿಸಿ ಬಂದು ಎದುರಿಗೆ ಕುಂತ. ಒಳ್ಳೆಯ ಹುಡುಗ, ಆದರೆ ಮಾತು ನನ್ನದೇ.

"ಅಪ್ಪಾ, ಗಾಡಿ ಕೀಲಿ ಕೊಟ್ಟಬಿಡು. ಬ್ರೇಕಿನ ಮ್ಯಾಲ ಕಾಲೈತೋ ಇಲ್ಲೋ ನಿನಗ ಗೊತ್ತಾಗಂಗಿಲ್ಲ. ಗಾಡಿ ನಾ ಹೊಡೀತೀನಿ, ಅವ್ವನ್ನ ನಾ ಕರಕೊಂಡ ಹೋಗ್ತೀನಿ."

"ಕಾಲ ಸ್ವಲ್ಪ ಜುಮ್ ಅಂತಾವು. ಕೈ ಚಲೋ ಅದಾವು."

"ಯಾರ್ ಹೇಳ್ಯಾರ?"

"ಈ ಕೈಯಾಗಽ ಗಾಡಿ ಥಂಡ ಐತಿ ಅಂತ ಹೇಳಾಕತ್ತೀನಿ. ನೀವ್ ಯಾರೂ ಕೇಳವಲ್ರಿ."

ಮಗ ಹೇಳಿದ: "ಬಿಸಿ ತಿಳೀಲಾರದ ಕೈಗೆ ಎಲ್ಲಾನೂ ಥಂಡನ ಅಪ್ಪಾ."

ನಮ್ಮವರು ಮೆಲ್ಲಗೆ, ಮಗನಿಗಲ್ಲ, ಗೋಡೆಗೆ ಎಂಬಂತೆ ಹೇಳಿದರು. "ನಾಳೆ ಜತ್ತದ ಮಿಸ್ತ್ರಿ ಕಡೆ ಹೋಗೂಣು. ಗಾಡಿ ಥಂಡ ಇಲ್ಲ ಅಂತ ಅವ ಅಂದ್ರ ಕೀಲಿ ನಿಂದು. ಥಂಡ ಐತಿ ಅಂದ್ರ, ಸಾಯೂತನಕ ಕೀಲಿ ಕೇಳಬ್ಯಾಡ."

ಆ ರಾತ್ರಿ ನನ್ನ ಜೀವ ನನ್ನಲ್ಲಿರಲಿಲ್ಲ. ಗಾಡಿ ಕೆಟ್ಟಿರಲಪ್ಪಾ, ಚೆನ್ನಾಗಿ ಕೆಟ್ಟಿರಲಿ ಎಂದು ದೇವರಿಗೆ ಕೈ ಮುಗಿದೆ. ಇಂಥ ಬೇಡಿಕೆಯನ್ನು ಅವನು ಮೊದಲ ಸಲ ಕೇಳಿರಬೇಕು. ಇಷ್ಟು ದಿನ ನಾನೇ ಒಮ್ಮೆ ಇಂಜಿನ್ನಿನ ಮೇಲೆ ಕೈಯಿಟ್ಟು ನೋಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೌದು, ನೋಡಬಹುದಿತ್ತು. ಪಕ್ಕದಲ್ಲೇ ನಿಂತಿರುತ್ತಿದ್ದೆ. ನನಗೆ ಅದು ಬಿಸಿ ಹತ್ತಿಬಿಟ್ಟರೆ ಏನು ಗತಿ ಎಂದು ಮುಟ್ಟಲಿಲ್ಲ.

ಮರುದಿನ ಮೂವರೂ ಜತ್ತಕ್ಕೆ ಹೋದೆವು. ಮಿಸ್ತ್ರಿ ನಲವತ್ತರ ಆಸುಪಾಸಿನ ಸಾಬರು. ನಮ್ಮೊಡನೆ ಕನ್ನಡ, ಗಿರಾಕಿಯೊಡನೆ ಮರಾಠಿ, ಫೋನಿನಲ್ಲಿ ಹೆಂಡತಿಯೊಡನೆ ದಖನಿ, ಮೂರೂ ಒಂದೇ ಉಸಿರಿನಲ್ಲಿ ಆಡುವ ಮನುಷ್ಯ. ನಮ್ಮವರ ತಕರಾರು ಕೇಳಿ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ನಕ್ಕರು.

"ಗಾಡಿ ಕಾಯ್ತೈತಿ ಅಂತ ಅಳಕೋತ ಬರ್ತಾರ್ರಿ ಮಂದಿ. ಥಂಡ ಐತಿ ಅಂತ ಬಂದಾವ್ರ ನೀವಽ ಮೊದಲನೇದವ್ರು, ಕಾಕಾ."

"ನಗಬ್ಯಾಡೋ ತಮ್ಮಾ, ನೋಡು," ಎಂದೆ ನಾನು. ನನ್ನ ದನಿ ಕೇಳಿ ಅವರು ನಗು ನಿಲ್ಲಿಸಿದರು.

ಮೊದಲು ಮುಳ್ಳಿನ ವಿಚಾರಣೆ. ಇಂಜಿನ್ನಿಗೆ ಚುಚ್ಚಿದ್ದ ಒಂದು ವೈರು ಕಿತ್ತು ಗಾಡಿಯ ಕಬ್ಬಿಣಕ್ಕೆ ತಾಗಿಸಿದರು. ಮಲಗಿದ್ದ ಮುಳ್ಳು ಚೇಳು ಕಡಿದಂತೆ ಎದ್ದು ಮೇಲಿನ ತುದಿಗೆ ಹೋಯಿತು. ವೈರು ತೆಗೆದರೆ ಮತ್ತೆ ಕೆಳಗೆ. "ಮುಳ್ಳ ಶಾಣ್ಯಾ ಐತಿ, ಸುಳ್ಳ ಹೇಳಂಗಿಲ್ಲ," ಎಂದರು ಮಿಸ್ತ್ರಿ. ಮಗನ ಮುಖ ಸ್ವಲ್ಪ ಇಳಿಯಿತು. ಆಮೇಲೆ ಗಾಡಿಯನ್ನು ಅರ್ಧ ತಾಸು ಓಡಿಸಿಕೊಂಡು ಬಂದರು. ಬಾನೆಟ್ ಎತ್ತಿ, ಪಿಸ್ತೂಲಿನಂಥ ಒಂದು ಥರ್ಮಾಮೀಟರು ಹಿಡಿದು, ಇಂಜಿನ್ನಿನ ಮೇಲೆ ಕೆಂಪು ಚುಕ್ಕೆ ಬಿಟ್ಟರು.

"ಐವತ್ತೈದು," ಎಂದರು. ಹುಬ್ಬು ಮೇಲೇರಿತು. "ಇಷ್ಟ ಓಡಿಸಿದ ಮ್ಯಾಲ ಎಂಬತ್ತರ ಮ್ಯಾಲ ಇರಬೇಕಿತ್ತು. ಕಾಕಾ, ಖರೇನಽ ಥಂಡ ಐತ್ರಿ!"

ನಮ್ಮವರು ಬಲಗೈಯನ್ನು ಮೇಲೆತ್ತಿ ಮಗನ ಮುಖದ ಮುಂದೆ ಹಿಡಿದರು, ಅಷ್ಟೇ. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಕಾರಣ ಹುಡುಕಲು ಮಿಸ್ತ್ರಿ ದಪ್ಪ ನೀರಿನ ಪೈಪು ಬಂದು ಸೇರುವ ಕಡೆ ಎರಡು ಬೋಲ್ಟು ಬಿಚ್ಚಿ, ಮುಚ್ಚಳ ತೆಗೆದು, ಬೆರಳು ಹಾಕಿ ನೋಡಿದರು. ಒಳಗೆ ಏನೂ ಇರಲಿಲ್ಲ. ಅಲ್ಲಿ ಒಂದು ವಾಲ್ ಇರಬೇಕಂತೆ. ಇಂಜಿನ್ನು ಕಾಯುವ ತನಕ ಅದು ಬಾಗಿಲು ಹಾಕಿಕೊಂಡು ನೀರನ್ನು ಒಳಗೇ ಸುತ್ತಿಸುತ್ತದೆ, ಕಾದ ಮೇಲೆ ಬಾಗಿಲು ತೆರೆದು ಮುಂದಿನ ರೇಡಿಯೇಟರಿಗೆ ಆರಿಸಲು ಬಿಡುತ್ತದೆ. ನಮ್ಮ ಗಾಡಿಗೆ ಆ ಬಾಗಿಲೇ ಇಲ್ಲ. ಚಾಲೂ ಮಾಡಿದ ಗಳಿಗೆಯಿಂದ ನೀರು ಹೊರಗೆ ಹೋಗಿ ತಣ್ಣಗಾಗಿ ಬರುತ್ತಿತ್ತು, ಚಳಿಗಾಲದಲ್ಲೂ.

ಮಿಸ್ತ್ರಿ ನಾಚಿಕೊಂಡು ಗೋಡೆಯ ಕಡೆ ಕೈ ತೋರಿಸಿದರು. ಒಂದು ತಂತಿಗೆ ಹಿತ್ತಾಳೆ ಬಣ್ಣದ ಬಿಲ್ಲೆಗಳನ್ನು ಪೋಣಿಸಿ ತೂಗುಹಾಕಿದ್ದರು. "ಬ್ಯಾಸಿಗ್ಯಾಗ ಗಾಡಿ ಕಾಯ್ತಂದ್ರ ನಮ್ಮ ಮಂದಿ ಮೊದಲ ಹೇಳೂದು, ವಾಲ್ ಕಿತ್ತ ಒಗಿ, ಗಾಡಿ ತಣ್ಣಗಿರ್ಲಿ ಅಂತ. ನಾವೂ ಕೀಳ್ತೀವಿ. ತಿರುಗಿ ಹಾಕ್ಸಾಕ ಒಬ್ಬಾವನೂ ಬಂದಿಲ್ರಿ. ಬಾಲಗಾಂವದ ಗಾಡಿ ಅಂದ್ರಲ್ಲ, ಇದರದೂ ನಾನಽ ಕಿತ್ತಿರಬೇಕು. ಇದರಾಗ ಎಲ್ಲೋ ಐತಿ ನಿಮ್ದು."

ಮಗ ಎರಡೂ ಕೈ ಎತ್ತಿದ. "ಆತಪಾ, ಗೆದ್ದಿ. ಇನ್ನ ಕೀಲಿ ಸುದ್ದಿ ತೆಗ್ಯಾಂಗಿಲ್ಲ," ಎಂದವನೇ ಹೊಸ ವಾಲ್ ತರಲು ಅಂಗಡಿಗೆ ಹೋದ. ಸೋತದ್ದಕ್ಕೆ ಅವನಿಗೂ ಖುಷಿಯೇ ಆಗಿತ್ತು, ನಾನು ಹೆತ್ತವಳು, ನನಗೆ ಕಾಣುವುದಿಲ್ಲವೇ?

ಅವನು ಬರುವ ತನಕ ಮಿಸ್ತ್ರಿ ನಮಗೆ ಒಂದು ತಮಾಷೆ ತೋರಿಸಿದರು. ಚಹಾದ ಸ್ಟೋವಿನ ಮೇಲೆ ನೀರಿಟ್ಟು, ತಂತಿಯಿಂದ ಒಂದು ಹಳೆಯ ವಾಲ್ ಕಳಚಿ ಅದರಲ್ಲಿ ಬಿಟ್ಟರು. ನಾವಿಬ್ಬರೂ ಪಾತ್ರೆಯ ಮೇಲೆ ಬಾಗಿ ಕುಂತೆವು. ಮೊದಲು ಏನೂ ಇಲ್ಲ. ತಳದಿಂದ ಸಣ್ಣ ಗುಳ್ಳೆಗಳು ಎದ್ದವು, ನೀರು ಮರಳತೊಡಗಿತು, ಆಗ ಆ ಬಿಲ್ಲೆಯ ನಡುಭಾಗ ಯಾರೂ ಮುಟ್ಟದೆ, ಸದ್ದಿಲ್ಲದೆ, ಮೊಗ್ಗು ಬಿಡುವಂತೆ ಮೆಲ್ಲಗೆ ತೆರೆದುಕೊಂಡಿತು. ತಣ್ಣೀರು ಹೊಯ್ದರೆ ಮುಚ್ಚಿಕೊಂಡಿತು. ಇನ್ನೊಮ್ಮೆ ಮಾಡು ತಮ್ಮಾ ಎಂದೆ. ಇನ್ನೊಮ್ಮೆ ತೆರೆಯಿತು. ಹೊರಗೆ ಜತ್ತದ ಬಸ್ಸುಗಳು ಒದರುತ್ತಿದ್ದವು, ನನಗೆ ಮಂಜಿನೊಳಗೆ ಕುಂತ ಹಾಗಿತ್ತು. ಉಗಿಯ ಆಚೆ ನಮ್ಮವರ ಮುಖ ಎಳೆಯದಾಗಿ, ಮದುವೆಯ ಹೊತ್ತಿನದಾಗಿ ಕಂಡಿತು. ಇನ್ನೂ ಎಷ್ಟು ಬೆಳಗು ನಮ್ಮವು ಎಂದು ನಾನು ಮನಸ್ಸಿನಲ್ಲೇ ಗಾಡಿ ಹತ್ತಿ ಕುಂತಿದ್ದೆ.

ಹೊಸ ವಾಲ್ ಬಂತು, ಕುಂತಿತು. ನೀರು ತುಂಬಿ ಗಾಡಿ ಚಾಲೂ ಮಾಡಿದರು. ಅಪ್ಪನ ಗೆಲುವಿಗೆ ಜಿಲೇಬಿ ತರುತ್ತೇನೆಂದು ಮಗ ಹೋದ. ಸಕ್ಕರೆಯವರಿಗೆ ಜಿಲೇಬಿಯಾ ಎಂದು ನಾನು ಬೈಯಲೂ ಇಲ್ಲ. ಮಿಸ್ತ್ರಿಗೆ ಮಧ್ಯಾಹ್ನದ ನಮಾಜಿನ ಹೊತ್ತಾಗಿತ್ತು. ಕೈಕಾಲು ತೊಳೆಯುತ್ತಾ ಹೇಳಿದರು:

"ಕಾಕಾ, ಮ್ಯಾಲಿನ ಪೈಪಿನ ಮ್ಯಾಲ ಕೈ ಇಟ್ಟಿರ್ರಿ. ಮೊದಲ ಥಂಡ ಇರ್ತೈತಿ. ವಾಲ್ ತೆರದ ಕೂಡಲೆ ಝಟ್ಟನ ಬಿಸಿ ಬರ್ತೈತಿ. ಬಂತಂದ್ರ ಕೆಲಸ ಆತು ಅಂತ ತಿಳಕೋರಿ, ಕೈ ತೆಗೀರಿ. ನಿಮ್ಮ ಕೈಗೆ ನಾ ಏನ್ ಹೇಳೂದು, ನನ್ನ ಮಶೀನಕಿಂತ ಚಲೋ ಐತಿ."

ಆ ಮಾತಿಗೆ ನಮ್ಮವರು ಎಷ್ಟು ಉಬ್ಬಿದರೆಂದರೆ, ಅಂಗಿಯ ತೋಳು ಏರಿಸಿ, ಪೈಪು ರೇಡಿಯೇಟರಿನ ಕಬ್ಬಿಣದ ಮೂತಿಗೆ ಸೇರುವಲ್ಲಿ ಅಂಗೈ ಪೂರಾ ಊರಿ ನಿಂತರು. ಕಣ್ಣು ಮುಚ್ಚಿದರು. ಇಂಜಿನ್ನಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಬಿಸಿಲು ಬೆನ್ನ ಮೇಲೆ ಹಿತವಾಗಿತ್ತು.

"ಬಂತೇನ್ರಿ?" ಎಂದೆ ಸ್ವಲ್ಪ ಹೊತ್ತಿಗೆ.

"ಇನ್ನೂ ಇಲ್ಲ. ಥಂಡ ಐತಿ."

ನಾನು ಗಾಡಿಯ ಕಿಟಕಿಯೊಳಗೆ ಇಣುಕಿದೆ. ಎರಡು ವರ್ಷ ಮಲಗಿದ್ದ ಮುಳ್ಳು ಎದ್ದಿತ್ತು. ಕಾಲು ಭಾಗ ದಾಟಿತು, ನಿಧಾನಕ್ಕೆ ನಡುವಿಗೆ ಬಂತು, ಬಂದು ಅಲ್ಲಿ ನಿಂತಿತು. ನೋಡಲು ಎಷ್ಟು ಚೆಂದವಿತ್ತೆಂದರೆ ನಾನು ನೋಡುತ್ತಲೇ ನಿಂತೆ.

"ಮುಳ್ಳ ನಡುವಿಗೆ ಬಂತ್ರಿ! ಈಗ ಬಂತೇನು?"

"ಏ, ತಡೀ. ಥಂಡನ ಐತಿ ಇನ್ನೂ."

ಅವರ ಮುಖದಲ್ಲಿ ನಗುವಿತ್ತು, ಕಣ್ಣು ಮುಚ್ಚಿಯೇ ಇತ್ತು. ನಾನು ಹತ್ತಿರ ಹೋಗಿ, ಅವರ ಕೈಯ ಪಕ್ಕದಲ್ಲಿ ಪೈಪಿಗೆ ಎರಡು ಬೆರಳು ತಾಗಿಸಿದೆ. ಜೀವ ಹೋದಂತಾಗಿ ಬೆರಳು ಎಳೆದುಕೊಂಡೆ. ಕುದಿಯುವ ಸಾರಿನ ಪಾತ್ರೆ ಮುಟ್ಟಿದ ಹಾಗಿತ್ತು.

"ಕೈ ತೆಗೀರಿ! ಸುಡುಗಾಡ ಕೈ ತೆಗೀರಿ!" ಎಂದು ಕಿರುಚಿ ಅವರ ಮಣಿಕಟ್ಟು ಹಿಡಿದು ಎಳೆದೆ.

ಅಂಗೈ ಕೆಂಪಗೆ ಬೆಂದಿತ್ತು. ಬೆರಳಿನ ಬುಡದಲ್ಲಿ ಚರ್ಮ ಬಿಳಿಚಿ ಮೇಲೇಳುತ್ತಿತ್ತು. ಅವರು ಅದನ್ನು ಪರರ ಕೈ ನೋಡುವ ಹಾಗೆ ನೋಡಿದರು, ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು.

"ಬಿಸಿ ಐತೇನ?" ಎಂದರು.

ಇಲ್ಲ ಎನ್ನಬಹುದಿತ್ತು. ಈಗಷ್ಟೇ ಬಂತು, ನೀವು ತೆಗೆಯುವಷ್ಟರಲ್ಲಿ ಬಂತು ಎನ್ನಬಹುದಿತ್ತು. ಅಂಗೈಗೆ ಏನೋ ತಾಗಿತೆಂದು ಮಗನಿಗೆ ಹೇಳಿದರೆ ಅವನು ನಂಬುತ್ತಿದ್ದ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ ಬಂದಿತ್ತು. ನನ್ನ ಬೆಳಗುಗಳು ನನಗೆ ಬೇಕಾಗಿದ್ದವು. ಆದರೆ ಆ ಕೈ ನನ್ನ ಕೈಯಲ್ಲಿತ್ತು, ಅದರ ಬಿಸಿ ನನಗೆ ಗೊತ್ತಾಗುತ್ತಿತ್ತು.

"ಭಾಳ ಬಿಸಿ ಐತ್ರಿ," ಎಂದೆ. ಅಳು ಬಂದುಬಿಟ್ಟಿತು.

"ಅಳಬ್ಯಾಡ," ಎಂದರು. ಸುತ್ತು ಹಾಕಿ ಹೋಗಿ, ಎಡಗೈಯಿಂದ ಕೀಲಿ ತಿರುವಿ ಗಾಡಿ ಬಂದ್ ಮಾಡಿದರು. ಸದ್ದು ನಿಂತಿತು. ಮಗ ಜಿಲೇಬಿಯ ಪೊಟ್ಟಣ ಹಿಡಿದು ನಗುತ್ತಾ ಬರುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ಇವರು ಕೀಲಿ ಮುಂದೆ ಚಾಚಿದರು.

"ಹಿಡಿ."

"ಯಾಕಪಾ? ಗೆದ್ದಾವ ನೀನಲ್ಲ? ಗಾಡಿ ಥಂಡ ಇದ್ದದ್ದು ಖರೆ ಆತಲ್ಲ?"

"ಅದೂ ಖರೆ. ನೀ ಹೇಳಿದ್ದೂ ಖರೆ," ಎಂದು ಬೆಂದ ಅಂಗೈ ತೋರಿಸಿದರು.

ಮಗ ಕೀಲಿ ಹಿಡಿದು ನಿಂತ. ನಮ್ಮವರೇ ಪೊಟ್ಟಣ ಬಿಚ್ಚಿದರು. ಜನ್ಮದಲ್ಲಿ ಎಡಗೈಯಿಂದ ಯಾರಿಗೂ ಒಂದು ತುತ್ತು ಕೊಟ್ಟವರಲ್ಲ. ಅವತ್ತು ಎಡಗೈಯಿಂದಲೇ ಒಂದು ಜಿಲೇಬಿ ತೆಗೆದು ನನ್ನ ಬಾಯಿಗೆ ಹಿಡಿದರು, ನಾನು ತಿಂದೆ.